ಕತ್ತಲ ಆಕಾಶದಡಿ ಮಂದ ಗೆಲಾಕ್ಸಿಗಳ ಛಾಯಾಗ್ರಹಣ: ಪದೇ ಪದೇ ಕೇಳುವ ಪ್ರಶ್ನೆಗಳು

ಆಂಡ್ರೊಮಿಡಾದಂಥ ಹೊಳೆಯುವ ಗೆಲಾಕ್ಸಿಯನ್ನು ಒಮ್ಮೆಯಾದರೂ ಚಿತ್ರಿಸಿ, ಅದಕ್ಕಿಂತ ದೂರದ, ಅದಕ್ಕಿಂತ ಮಂದವಾದವುಗಳತ್ತ ಕ್ಯಾಮೆರಾ ತಿರುಗಿಸಲು ಹೊರಟವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಉಪಕರಣಗಳಿಗಿಂತ ಆಕಾಶದ ಹಿನ್ನೆಲೆ ಬೆಳಕಿನ ಬಗ್ಗೆಯೇ ಇಲ್ಲಿ ಹೆಚ್ಚು ಮಾತಿದೆ. ಮಂದ ಗೆಲಾಕ್ಸಿಯ ಚಿತ್ರ ಕೈಗೂಡುವುದೂ ಕೈತಪ್ಪುವುದೂ ಬಹುಮಟ್ಟಿಗೆ ಅದರಿಂದಲೇ.

ಪಟ್ಟಿಯಲ್ಲಿ ಕಾಂತಿಮಾನ 6ರ ಆಸುಪಾಸು ಎಂದಿರುವ ಗೆಲಾಕ್ಸಿಯೂ ಚಿತ್ರದಲ್ಲಿ ಮಸುಕಾಗಿ ಮೂಡುವುದೇಕೆ?

ಪಟ್ಟಿಯಲ್ಲಿರುವ ಕಾಂತಿಮಾನವು ಗೆಲಾಕ್ಸಿಯ ಬೆಳಕನ್ನೆಲ್ಲ ಒಂದೇ ಬಿಂದುವಿನಲ್ಲಿ ಕೂಡಿಹಾಕಿದರೆ ಅದು ಎಷ್ಟು ಹೊಳೆಯುತ್ತಿತ್ತು ಎಂಬುದನ್ನಷ್ಟೇ ಹೇಳುತ್ತದೆ. ನಕ್ಷತ್ರಕ್ಕೆ ಈ ಲೆಕ್ಕ ಸಾಕು, ಗೆಲಾಕ್ಸಿಗೆ ಸಾಲದು. ತ್ರಿಕೋನ ನಕ್ಷತ್ರಪುಂಜದ ಎಂ 33ರ ಒಟ್ಟು ಕಾಂತಿಮಾನ 5.7 ಆದರೂ, ಆ ಬೆಳಕು ಎರಡು ಪೂರ್ಣಚಂದ್ರರನ್ನು ಪಕ್ಕಪಕ್ಕದಲ್ಲಿ ಇಟ್ಟಷ್ಟು ಉದ್ದಕ್ಕೂ ಹರಡಿಕೊಂಡಿರುವುದರಿಂದ ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲಿನ ಪಾಲಿಗೆ ಬರುವುದು ಬಹಳ ಕಡಿಮೆ. ಹೀಗಾಗಿ ನಾವು ಗಮನಿಸಬೇಕಾದದ್ದು ಮೇಲ್ಮೈ ಕಾಂತಿಯನ್ನು, ಅಂದರೆ ಆಕಾಶದ ಒಂದು ಚದರ ಆರ್ಕ್‌ಸೆಕೆಂಡಿನಷ್ಟು (ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ) ತುಣುಕಿನಿಂದ ಬರುವ ಬೆಳಕು ಎಷ್ಟು ಕಾಂತಿಮಾನದ್ದು ಎಂಬ ಅಳತೆಯನ್ನು. ಈ ಅಳತೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ವಸ್ತು ಮಂದ. ಒಂದು ಅಂಕ ಏರಿದರೆ ಬೆಳಕು ಸುಮಾರು 2.5 ಪಟ್ಟು ಕುಗ್ಗುತ್ತದೆ, 5 ಅಂಕ ಏರಿದರೆ ನೂರು ಪಟ್ಟು.

ದೂರದ ಗೆಲಾಕ್ಸಿಯೆಲ್ಲ ಮಂದವಾಗಿಯೇ ಇರುತ್ತದೆ ಎಂದು ತಿಳಿಯಬೇಕಿಲ್ಲ. ಒಂದೇ ಬಗೆಯ ಎರಡು ಗೆಲಾಕ್ಸಿಗಳಲ್ಲಿ ಒಂದು ಹತ್ತು ಪಟ್ಟು ದೂರವಿದ್ದರೆ ಅದರಿಂದ ಬರುವ ಬೆಳಕು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ಅದು ಆಕಾಶದಲ್ಲಿ ಆವರಿಸುವ ಜಾಗವೂ ನೂರನೇ ಒಂದು ಭಾಗಕ್ಕೆ ಇಳಿಯುವುದರಿಂದ ಮೇಲ್ಮೈ ಕಾಂತಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ವಿಶ್ವದ ವಿಸ್ತರಣೆ ಈ ಲೆಕ್ಕವನ್ನು ಗಮನಾರ್ಹವಾಗಿ ಬದಲಿಸುವುದು ತೀರಾ ದೂರದ ಗೆಲಾಕ್ಸಿಗಳಲ್ಲಿ ಮಾತ್ರ. ದೂರದ್ದು ಚಿಕ್ಕದಾಗಿ ಕಾಣುತ್ತದೆ, ಅದಕ್ಕೆ ಬೇಕಾದದ್ದು ಹೆಚ್ಚಿನ ಫೋಕಲ್ ಲೆಂಗ್ತ್ ಮತ್ತು ಸ್ಥಿರವಾದ ಗಾಳಿ. ಮಂದವಾದದ್ದಕ್ಕೆ ಬೇಕಾದದ್ದು ಕತ್ತಲೆ. 1986ರಲ್ಲಿ ಪತ್ತೆಯಾದ, ನೂರು ಕೋಟಿ ಜ್ಯೋತಿರ್ವರ್ಷಕ್ಕೂ ಆಚೆಗಿರುವ ಮ್ಯಾಲಿನ್ 1 ಎಂಬ ಬೃಹತ್ ಗೆಲಾಕ್ಸಿಯಂಥವು ಎರಡನ್ನೂ ಒಟ್ಟಿಗೆ ಕೇಳುತ್ತವೆ.

ನಗರದಿಂದಲೇ ಹೆಚ್ಚು ಹೊತ್ತು ಎಕ್ಸ್‌ಪೋಷರ್ ಕೊಟ್ಟರೆ ಸಾಲದೇ?

ಗೆಲಾಕ್ಸಿಯ ಹೊಳೆಯುವ ನಡುಭಾಗಕ್ಕೆ ಸಾಕಾಗಬಹುದು. ಹೊರಗಿನ ಸುರುಳಿ ಬಾಹುಗಳಿಗೆ ಸಾಲದು. ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡೋಣ.

ಗೆಲಾಕ್ಸಿಯೊಂದರ ಹೊರಬಾಹುವಿನ ಮೇಲ್ಮೈ ಕಾಂತಿ 25 ಎಂದಿಟ್ಟುಕೊಳ್ಳಿ. ಒಳ್ಳೆಯ ಕತ್ತಲ ತಾಣದಲ್ಲಿ ಆಕಾಶದ ಹಿನ್ನೆಲೆ 21.8 ಇರುತ್ತದೆ. ವ್ಯತ್ಯಾಸ 3.2 ಅಂಕ, ಅಂದರೆ ಬಾಹುವಿನ ಬೆಳಕು ಹಿನ್ನೆಲೆಯ ಸುಮಾರು 19ನೇ ಒಂದು ಭಾಗ, ಶೇಕಡಾ 5ರಷ್ಟು. ಅದೇ ಬಾಹುವನ್ನು ಹಿನ್ನೆಲೆ 19 ಇರುವ ಊರಂಚಿನ ಆಕಾಶದಲ್ಲಿ ಚಿತ್ರಿಸಿದರೆ ವ್ಯತ್ಯಾಸ 6 ಅಂಕ. ಬಾಹುವಿನ ಪಾಲು ಹಿನ್ನೆಲೆಯ 250ನೇ ಒಂದು ಭಾಗಕ್ಕೆ, ಶೇಕಡಾ 0.4ಕ್ಕೆ ಕುಸಿಯುತ್ತದೆ. ಎರಡು ಆಕಾಶಗಳ ನಡುವಿನ ಅಂತರ 2.8 ಅಂಕ, ಅಂದರೆ ಸುಮಾರು 13 ಪಟ್ಟು. ಹಿನ್ನೆಲೆಯ ನಾಯ್ಸೇ (ಚಿತ್ರದಲ್ಲಿ ಬೆರೆಯುವ ಯಾದೃಚ್ಛಿಕ ಏರುಪೇರು) ಮೇಲುಗೈ ಪಡೆದಿರುವಾಗ, ಕತ್ತಲ ತಾಣದ ಒಂದು ಗಂಟೆಯಲ್ಲಿ ಸಿಗುವ ಸ್ಪಷ್ಟತೆಗೆ ಊರಂಚಿನಲ್ಲಿ ಸುಮಾರು 13 ಗಂಟೆ ಬೇಕಾಗುತ್ತದೆ. ಸಿಗ್ನಲ್ ಮತ್ತು ನಾಯ್ಸ್‌ಗಳ ಅನುಪಾತ ಒಟ್ಟು ಸಮಯದ ವರ್ಗಮೂಲದಂತೆ ಮಾತ್ರ ಏರುತ್ತದೆ ಎಂಬುದನ್ನೂ ಮರೆಯಬಾರದು: ಸ್ಪಷ್ಟತೆ ಇಮ್ಮಡಿಯಾಗಬೇಕಾದರೆ ಸಮಯ ನಾಲ್ಕು ಪಟ್ಟಾಗಬೇಕು.

ಹದಿಮೂರು ಗಂಟೆಯನ್ನು ತಾಳ್ಮೆಯಿದ್ದವರು ಹೇಗೋ ಹೊಂದಿಸಬಹುದು. ನಿಜವಾದ ಅಡ್ಡಿ ಬೇರೆಯೇ ಇದೆ. ಫ್ಲಾಟ್ ಚಿತ್ರಗಳ (ಅಂಚಿನ ಮಬ್ಬನ್ನೂ ಧೂಳಿನ ನೆರಳನ್ನೂ ಅಳಿಸಲು ಸಮನಾದ ಬೆಳಕಿನಲ್ಲಿ ತೆಗೆಯುವ ಚಿತ್ರಗಳು) ತಿದ್ದುಪಡಿಯಲ್ಲಿ ಶೇಕಡಾ 1ರಷ್ಟು ತಪ್ಪು ಉಳಿದರೂ, ಊರಂಚಿನ ಆಕಾಶದಲ್ಲಿ ಆ ತಪ್ಪೇ ಗೆಲಾಕ್ಸಿಯ ಬಾಹುವಿಗಿಂತ ಎರಡೂವರೆ ಪಟ್ಟು ದೊಡ್ಡದು. ಎಷ್ಟು ರಾತ್ರಿಗಳನ್ನು ಕೂಡಿಸಿದರೂ ನಾಯ್ಸ್ ಕರಗೀತೇ ಹೊರತು ಈ ತಪ್ಪು ಕರಗುವುದಿಲ್ಲ, ಏಕೆಂದರೆ ಅದು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕೂತಿರುತ್ತದೆ. ಕತ್ತಲ ತಾಣಕ್ಕೆ ಹೋಗಲು ನನ್ನ ಮಟ್ಟಿಗೆ ಇದೇ ಮೊದಲ ಕಾರಣ. ಸಮಯದ ಉಳಿತಾಯ ಎರಡನೆಯದು.

ಒಂದು ಜಾಗ ನಿಜಕ್ಕೂ ಕತ್ತಲೆಯೇ ಎಂದು ತಿಳಿಯುವುದು ಹೇಗೆ?

ಅಮೆರಿಕದ ಹವ್ಯಾಸಿ ಖಗೋಳವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ ಪ್ರಕಟಿಸಿದ ಒಂಬತ್ತು ದರ್ಜೆಗಳ ಮಾನಕ ಎಲ್ಲರಿಗೂ ಪರಿಚಿತ. 1 ಅತ್ಯಂತ ಕತ್ತಲ ಆಕಾಶ, 9 ನಗರದ ನಡುಭಾಗ. ಬರಿಗಣ್ಣಿನ ಅನುಭವಕ್ಕೆ ಇದು ಒಪ್ಪುತ್ತದೆ, ಲೆಕ್ಕಕ್ಕೆ ಒಗ್ಗುವುದಿಲ್ಲ. ಲೆಕ್ಕಕ್ಕೆ ಸ್ಕೈ ಕ್ವಾಲಿಟಿ ಮೀಟರ್ ಎಂಬ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣ ಉತ್ತಮ. ಚಂದ್ರನಿಲ್ಲದ ರಾತ್ರಿ, ಕ್ಷೀರಪಥ ನೆತ್ತಿಯ ಮೇಲಿಲ್ಲದ ಹೊತ್ತಿನಲ್ಲಿ, ನೇರವಾಗಿ ಮೇಲಕ್ಕೆ ಹಿಡಿದು ಹಲವು ಸಲ ಅಳೆಯಬೇಕು. 21.5 ದಾಟಿದರೆ ಒಳ್ಳೆಯ ತಾಣ. ಭೂಮಿಯ ಮೇಲಿನ ಸಹಜ ಕತ್ತಲೆಯ ಎಲ್ಲೆ 22ರ ಆಸುಪಾಸಿನಲ್ಲಿದೆ.

ವಾತಾವರಣದ ಮೇಲ್ಪದರವೂ ತಾನೇ ಮಿನುಗುವುದರಿಂದ ಆ ಎಲ್ಲೆಯಾಚೆಗೆ ಕತ್ತಲೆ ಹೆಚ್ಚುವುದಿಲ್ಲ. ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳು 557.7 ನ್ಯಾನೊಮೀಟರಿನ ಹಸಿರು ಬೆಳಕನ್ನು ಸೂಸುತ್ತಿರುತ್ತವೆ. ಸೂರ್ಯನ ಚಟುವಟಿಕೆ ಹೆಚ್ಚಿದ ವರ್ಷಗಳಲ್ಲಿ ಈ ಹೊಳಪೂ ಹೆಚ್ಚುತ್ತದೆ. ಜೊತೆಗೆ ಸೌರಮಂಡಲದ ಧೂಳಿನಿಂದ ಚದುರಿದ ಬಿಸಿಲು, ಅಂದರೆ ರಾಶಿಚಕ್ರದ ಬೆಳಕು, ಕ್ರಾಂತಿವೃತ್ತದ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವ ದಾರಿಯ, ಉದ್ದಕ್ಕೂ ಹರಡಿರುತ್ತದೆ. ಅತ್ಯುತ್ತಮ ತಾಣದಲ್ಲಿ ತೆಗೆದ ಚಿತ್ರದ ಹಿನ್ನೆಲೆಯಲ್ಲಿ ಹಸಿರು ಪಟ್ಟಿಗಳು ಕಂಡರೆ ಗಾಬರಿ ಬೇಡ, ಕ್ಯಾಮೆರಾ ಕೆಟ್ಟಿಲ್ಲ.

ಅಧಿಕೃತವಾಗಿ ಗುರುತಿಸಲಾದ ತಾಣಗಳು ಇಂದು ಹಲವು ಖಂಡಗಳಲ್ಲಿವೆ. 2007ರಲ್ಲಿ ಅಮೆರಿಕದ ಯೂಟಾದ ನ್ಯಾಚುರಲ್ ಬ್ರಿಡ್ಜಸ್ ಮೊದಲ ಅಂತರರಾಷ್ಟ್ರೀಯ ಕತ್ತಲ ಆಕಾಶ ಉದ್ಯಾನವಾಯಿತು; ನಮೀಬಿಯಾದ ನಮಿಬ್‌ರ‍್ಯಾಂಡ್, ನ್ಯೂಜಿಲೆಂಡಿನ ಆಓರಾಕಿ ಮೆಕೆಂಝಿ, ಸಮುದ್ರ ಮಟ್ಟದಿಂದ 4,500 ಮೀಟರ್ ಎತ್ತರದ ಲಡಾಖಿನ ಹಾನ್ಲೆ ಇವೆಲ್ಲ ರಕ್ಷಿತ ಕತ್ತಲ ಪ್ರದೇಶಗಳು. ಆದರೆ ಫಲಕ ಹಾಕಿದ ಜಾಗವೇ ಬೇಕೆಂದಿಲ್ಲ. ನೀವು ಚಿತ್ರಿಸಲಿರುವ ದಿಕ್ಕಿನಲ್ಲಿ ದೊಡ್ಡ ಊರು ಇಲ್ಲದಿರುವುದು ಒಟ್ಟಾರೆ ದರ್ಜೆಗಿಂತ ಹೆಚ್ಚು ಮುಖ್ಯ.

ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ಹಾಕಿದರೆ ಕತ್ತಲ ತಾಣಕ್ಕೆ ಹೋಗುವ ಶ್ರಮ ತಪ್ಪುವುದಿಲ್ಲವೇ?

ನೀಹಾರಿಕೆಗಳ ವಿಷಯದಲ್ಲಿ ಬಹುಮಟ್ಟಿಗೆ ತಪ್ಪುತ್ತದೆ, ಗೆಲಾಕ್ಸಿಗಳ ವಿಷಯದಲ್ಲಿ ಇಲ್ಲ. ನೀಹಾರಿಕೆಯ ಅನಿಲ ಕೆಲವೇ ನಿರ್ದಿಷ್ಟ ಬಣ್ಣಗಳಲ್ಲಿ ಹೊಳೆಯುತ್ತದೆ. ಆ ಬಣ್ಣಗಳನ್ನು ಮಾತ್ರ ಒಳಗೆ ಬಿಟ್ಟು ಉಳಿದದ್ದನ್ನು ತಡೆಯಬಹುದು. ಗೆಲಾಕ್ಸಿಯ ಬೆಳಕು ಕೋಟ್ಯಂತರ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ. ಇಂದಿನ ಎಲ್‌ಇಡಿ ಬೀದಿದೀಪಗಳ ಬೆಳಕೂ ಹಾಗೆಯೇ. ಒಂದನ್ನು ತಡೆಯುವ ಫಿಲ್ಟರ್ ಇನ್ನೊಂದನ್ನೂ ತಡೆಯುತ್ತದೆ.

ಗೆಲಾಕ್ಸಿಯೊಳಗೆ ನಕ್ಷತ್ರಗಳು ಹುಟ್ಟುತ್ತಿರುವ ಕೆಂಪು ತಾಣಗಳನ್ನು ಎತ್ತಿ ತೋರಿಸಲು 656.3 ನ್ಯಾನೊಮೀಟರಿನ ಹೈಡ್ರೋಜನ್-ಆಲ್ಫಾ ಫಿಲ್ಟರ್ ಉಪಯುಕ್ತ. ಇಲ್ಲಿ ಹಲವರು ಗಮನಿಸದ ಒಂದು ಸಂಗತಿಯಿದೆ. ನಮ್ಮಿಂದ ದೂರ ಸರಿಯುತ್ತಿರುವ ಗೆಲಾಕ್ಸಿಯ ಬೆಳಕು ಕೆಂಪಿನ ಕಡೆಗೆ ಸರಿಯುತ್ತದೆ. 3 ನ್ಯಾನೊಮೀಟರ್ ಅಗಲದ ಫಿಲ್ಟರ್ ನಡುವಿನಿಂದ 1.5 ನ್ಯಾನೊಮೀಟರಿನಷ್ಟು ಸರಿತವನ್ನು ಮಾತ್ರ ತಾಳುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 690 ಕಿಲೋಮೀಟರ್ ವೇಗದವರೆಗೆ. ಸ್ಟೆಫಾನ್ಸ್ ಕ್ವಿಂಟೆಟ್ ಎಂಬ ಐದು ಗೆಲಾಕ್ಸಿಗಳ ಗುಂಪಿನಲ್ಲಿ ಎನ್‌ಜಿಸಿ 7320 ಮಾತ್ರ ಹತ್ತಿರದ್ದು, ಸುಮಾರು 4 ಕೋಟಿ ಜ್ಯೋತಿರ್ವರ್ಷ. ಉಳಿದ ನಾಲ್ಕು ಸುಮಾರು 29 ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ. ಆ ನಾಲ್ಕರ ಹೈಡ್ರೋಜನ್ ಬೆಳಕು 12ರಿಂದ 15 ನ್ಯಾನೊಮೀಟರಿನಷ್ಟು ಸರಿದಿರುವುದರಿಂದ ಮಾಮೂಲಿ ಫಿಲ್ಟರಿನೊಳಗೆ ಬರುವುದೇ ಇಲ್ಲ. ರಾತ್ರಿಯಿಡೀ ಕಾದರೂ ಕೆಂಪು ತಾಣಗಳು ಮೂಡುವುದು ಹತ್ತಿರದ ಗೆಲಾಕ್ಸಿಯಲ್ಲಿ ಮಾತ್ರ, ಅದೂ 7 ನ್ಯಾನೊಮೀಟರಿನಂಥ ಅಗಲವಾದ ಫಿಲ್ಟರಿನಲ್ಲಿ. ಚಿತ್ರಿಸುವ ಮೊದಲು ಗೆಲಾಕ್ಸಿಯ ವೇಗವನ್ನು ನೋಡಿಕೊಳ್ಳುವುದು ಎರಡು ನಿಮಿಷದ ಕೆಲಸ.

ಯಾವ ತಿಂಗಳು, ಯಾವ ಹೊತ್ತು ಸೂಕ್ತ?

ಕ್ಷೀರಪಥದ ಧೂಳು ಅದರ ತಟ್ಟೆಯ ಉದ್ದಕ್ಕೂ ಹೊರಗಿನ ಗೆಲಾಕ್ಸಿಗಳನ್ನು ಮರೆಮಾಡುತ್ತದೆ. ತಟ್ಟೆಗೆ ಲಂಬವಾಗಿ ನೋಡಿದರೆ ಧೂಳು ಅತ್ಯಂತ ಕಡಿಮೆ. ಉತ್ತರದ ಆ ದಿಕ್ಕು ಕೋಮಾ ಬೆರೆನಿಸಿಸ್ ನಕ್ಷತ್ರಪುಂಜದಲ್ಲಿದೆ, ದಕ್ಷಿಣದ್ದು ಸ್ಕಲ್ಪ್ಟರ್‌ನಲ್ಲಿ. ಆದ್ದರಿಂದ ಮಾರ್ಚ್‌ನಿಂದ ಮೇ ತನಕ ಕನ್ಯಾ, ಸಿಂಹ, ಕೋಮಾ ಮತ್ತು ಸಪ್ತರ್ಷಿ ಮಂಡಲದ ಗೆಲಾಕ್ಸಿಗಳು ರಾತ್ರಿಯ ಬಹುಪಾಲು ಸಿಗುತ್ತವೆ. ಸೆಪ್ಟೆಂಬರ್‌ನಿಂದ ನವೆಂಬರ್ ತನಕ ಸ್ಕಲ್ಪ್ಟರ್, ಪೆಗಾಸಸ್, ಆಂಡ್ರೊಮಿಡಾಗಳ ಸರದಿ.

ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದ ಮೇಲೆಯೇ ಪೂರ್ಣ ಕತ್ತಲೆ. ಗೆಲಾಕ್ಸಿ 30 ಡಿಗ್ರಿ ಎತ್ತರದಲ್ಲಿರುವಾಗ ಅದರ ಬೆಳಕು ನೆತ್ತಿಯ ಮೇಲಿದ್ದಾಗಿನ ಎರಡರಷ್ಟು ಗಾಳಿಯನ್ನು ಹಾದು ಬರುತ್ತದೆ, ಜೊತೆಗೆ ದೂರದ ಊರುಗಳ ಬೆಳಕೂ ಆ ಎತ್ತರದಲ್ಲೇ ಹೆಚ್ಚು. 40 ಡಿಗ್ರಿಗಿಂತ ಕೆಳಗೆ ತೆಗೆದ ಮಂದ ಗೆಲಾಕ್ಸಿಯ ಚಿತ್ರಗಳನ್ನು ಒಟ್ಟುಗೂಡಿಸುವಾಗ ಕೈಬಿಡುವುದೇ ಒಳಿತು ಎಂಬುದು ನನ್ನ ಅಭಿಪ್ರಾಯ. ಚಂದ್ರನಿರುವ ರಾತ್ರಿಗಳನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ಹುಣ್ಣಿಮೆಯಲ್ಲಿ ಕತ್ತಲ ತಾಣವೂ ಊರಂಚಿನ ಆಕಾಶದಂತಾಗುತ್ತದೆ.

ಮೊದಲ ಪ್ರಯತ್ನಕ್ಕೆ ಯಾವ ಗೆಲಾಕ್ಸಿಯನ್ನು ಆರಿಸಿಕೊಳ್ಳಬೇಕು?

ನಡುಭಾಗ ಸುಲಭವಾಗಿ ಸಿಕ್ಕಿ, ಅಂಚು ಕಷ್ಟಪಡಿಸುವಂಥದ್ದನ್ನು. ಎಂ 101, ಎಂ 81, ಎಂ 51 ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಎಂ 51ರ ಜೊತೆಗಾರ ಗೆಲಾಕ್ಸಿಯ ಸುತ್ತ ಹರಡಿರುವ ಮಬ್ಬು ತೆರೆ ನಿಮ್ಮ ಆಕಾಶವನ್ನೂ ಫ್ಲಾಟ್‌ಗಳನ್ನೂ ಒಂದೇ ಏಟಿಗೆ ಪರೀಕ್ಷಿಸುತ್ತದೆ. ಮಖಾ ನಕ್ಷತ್ರದ ಪಕ್ಕದಲ್ಲೇ ಇರುವ ಲಿಯೊ 1 ಎಂಬ ಕುಬ್ಜ ಗೆಲಾಕ್ಸಿಯನ್ನು ಮೊದಲಿಗೇ ಆರಿಸಿಕೊಳ್ಳಬೇಡಿ; ಆ ನಕ್ಷತ್ರದ ಪ್ರಭೆ ಲೆನ್ಸಿನೊಳಗೆ ಚದುರಿ ಗೆಲಾಕ್ಸಿಯನ್ನೇ ಮುಳುಗಿಸಿಬಿಡುತ್ತದೆ.

ದೊಡ್ಡ ದೂರದರ್ಶಕವೇ ಬೇಕೇ?

ಚಿಕ್ಕ ಗೆಲಾಕ್ಸಿಯ ಒಳವಿವರ ಬೇಕಿದ್ದರೆ ಹೌದು. ಹರಡಿಕೊಂಡ ಮಂದ ಬೆಳಕು ಬೇಕಿದ್ದರೆ ಇಲ್ಲ. ಖಗೋಳವಿಜ್ಞಾನಿಗಳಾದ ಪೀಟರ್ ವ್ಯಾನ್ ಡೊಕ್ಕಮ್ ಮತ್ತು ರಾಬರ್ಟೊ ಅಬ್ರಹಾಂ ಅವರು ಕಟ್ಟಿದ ಡ್ರ್ಯಾಗನ್‌ಫ್ಲೈ ಎಂಬ ವ್ಯವಸ್ಥೆಯಲ್ಲಿರುವುದು ಕ್ರೀಡಾ ಛಾಯಾಗ್ರಾಹಕರು ಬಳಸುವಂಥ 400 ಮಿಲಿಮೀಟರ್, ಎಫ್/2.8 ಲೆನ್ಸ್‌ಗಳ ಗೊಂಚಲು. ಅದು 2015ರಲ್ಲಿ ಪ್ರಕಟವಾದ ಶೋಧದಲ್ಲಿ ಕೋಮಾ ಗೆಲಾಕ್ಸಿ ಗುಚ್ಛದ ದಿಕ್ಕಿನಲ್ಲಿ 47 ಅತಿ ಮಂದ ಗೆಲಾಕ್ಸಿಗಳನ್ನು ಗುರುತಿಸಿತು. ದೊಡ್ಡ ಕನ್ನಡಿಗಳ ಕಣ್ಣಿಗೆ ಬೀಳದಿದ್ದದ್ದು ಲೆನ್ಸ್‌ಗಳಿಗೆ ಸಿಕ್ಕಿದ್ದು, ಒಳ್ಳೆಯ ಲೇಪನವಿರುವ ಲೆನ್ಸಿನೊಳಗೆ ಬೆಳಕು ಚದುರುವುದು ಕಡಿಮೆ ಎಂಬ ಕಾರಣಕ್ಕೆ.

ಆಯ್ಕೆ ಮಾಡುವಾಗ ಪಿಕ್ಸೆಲ್ಲಿಗೆ ಎಷ್ಟು ಆಕಾಶ ಬೀಳುತ್ತದೆ ಎಂದು ನೋಡಿ. ಪಿಕ್ಸೆಲ್ ಅಳತೆಯನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206 ರಿಂದ ಗುಣಿಸಿ, ಫೋಕಲ್ ಲೆಂಗ್ತಿನ ಮಿಲಿಮೀಟರಿನಿಂದ ಭಾಗಿಸಬೇಕು. 3.76 ಮೈಕ್ರಾನ್ ಪಿಕ್ಸೆಲ್ಲಿಗೆ 400 ಮಿಲಿಮೀಟರಿನಲ್ಲಿ 1.9 ಆರ್ಕ್‌ಸೆಕೆಂಡ್, 800ರಲ್ಲಿ ಹತ್ತಿರಹತ್ತಿರ 1, 2,000ದಲ್ಲಿ 0.4. ಗಾಳಿಯ ಕಂಪನವೇ ನಕ್ಷತ್ರಗಳನ್ನು 2ರಿಂದ 3 ಆರ್ಕ್‌ಸೆಕೆಂಡಿಗೆ ಅಲುಗಿಸುವ ಸಾಮಾನ್ಯ ರಾತ್ರಿಗಳಲ್ಲಿ 0.4ರ ಅಳತೆಯಿಂದ ವಿವರ ಹೆಚ್ಚುವುದಿಲ್ಲ, ಪ್ರತಿ ಪಿಕ್ಸೆಲ್ಲಿನ ಬೆಳಕು ಮಾತ್ರ ಕಡಿಮೆಯಾಗುತ್ತದೆ. 1ರಿಂದ 2ರೊಳಗೆ ಇರುವುದು ಹೆಚ್ಚಿನವರಿಗೆ ಹಿತ.

ಕ್ಯಾಮೆರಾವನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಮೌಂಟ್ ಬಗ್ಗೆ ಏನು ಹೇಳುತ್ತೀರಿ?

ಹಣ ಸೀಮಿತವಾಗಿದ್ದರೆ ಮೊದಲು ಅದಕ್ಕೇ ಮೀಸಲಿಡಿ. ಭೂಮಿಯ ಸುತ್ತುವಿಕೆಯಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಮೌಂಟಿನ ಗೇರುಗಳ ಸಣ್ಣ ಏರುಪೇರನ್ನು ಒಂದು ನಕ್ಷತ್ರವನ್ನು ಹಿಂಬಾಲಿಸುವ ಆಟೊಗೈಡರ್ ಸರಿಪಡಿಸುತ್ತಿರಬೇಕು. ಸರಾಸರಿ ದೋಷ ಒಂದು ಪಿಕ್ಸೆಲ್ಲಿನೊಳಗೆ ಇದ್ದರೆ ಸಾಕು. ಪ್ರತಿ ಒಂದೆರಡು ಚಿತ್ರಗಳಿಗೊಮ್ಮೆ ಚೌಕಟ್ಟನ್ನು ಹತ್ತು ಹದಿನೈದು ಪಿಕ್ಸೆಲ್ಲಿನಷ್ಟು ಯಾದೃಚ್ಛಿಕವಾಗಿ ಸರಿಸುವುದನ್ನು, ಅಂದರೆ ಡಿದರಿಂಗನ್ನು, ತಪ್ಪಿಸಬೇಡಿ. ಅದಿಲ್ಲದಿದ್ದರೆ ಸೆನ್ಸರಿನ ಸ್ಥಿರ ನಾಯ್ಸ್ ಚಿತ್ರದ ಉದ್ದಕ್ಕೂ ಗೀರುಗಳಾಗಿ ಹರಡುತ್ತದೆ, ಮಂದ ಬಾಹುಗಳ ಮೇಲೆ ಅದೇ ಮೊದಲು ಎದ್ದು ಕಾಣುತ್ತದೆ.

ಒಂದೊಂದು ಎಕ್ಸ್‌ಪೋಷರ್ ಎಷ್ಟು ಹೊತ್ತು ಇರಬೇಕು? ಒಟ್ಟು ಎಷ್ಟು ಗಂಟೆ?

ನಗರದಲ್ಲಿ ರೂಢಿಯಾದ ಸಮಯವನ್ನೇ ಕತ್ತಲ ತಾಣಕ್ಕೂ ಕೊಂಡೊಯ್ಯಬೇಡಿ. ಪ್ರತಿ ಚಿತ್ರವನ್ನು ಓದುವಾಗ ಸೆನ್ಸರ್ ತನ್ನದೊಂದು ರೀಡ್ ನಾಯ್ಸ್ ಸೇರಿಸುತ್ತದೆ. ಆಕಾಶದಿಂದ ಬಂದ ಎಲೆಕ್ಟ್ರಾನುಗಳ ಸಂಖ್ಯೆ ಈ ರೀಡ್ ನಾಯ್ಸಿನ ವರ್ಗದ ಹತ್ತು ಪಟ್ಟು ಆದರೆ, ಅದರ ಕಾಟ ಒಟ್ಟು ನಾಯ್ಸನ್ನು ಶೇಕಡಾ 5ರಷ್ಟು ಮಾತ್ರ ಹೆಚ್ಚಿಸುತ್ತದೆ. ರೀಡ್ ನಾಯ್ಸ್ 1.5 ಎಲೆಕ್ಟ್ರಾನ್ ಇದ್ದರೆ ಹಿನ್ನೆಲೆಯಲ್ಲಿ 23 ಎಲೆಕ್ಟ್ರಾನ್ ಸಾಕು. 3 ಇದ್ದರೆ 90 ಬೇಕು. ಒಂದು ಚಿತ್ರ ತೆಗೆದು, ಗೆಲಾಕ್ಸಿಯಿಲ್ಲದ ಖಾಲಿ ಜಾಗದ ಸರಾಸರಿ ಮೌಲ್ಯದಿಂದ ಬಯಾಸ್ ಮೌಲ್ಯವನ್ನು (ಬೆಳಕಿಲ್ಲದಾಗಲೂ ಸೆನ್ಸರ್ ಕೊಡುವ ಮೂಲ ಅಂಕ) ಕಳೆದು, ಕ್ಯಾಮೆರಾದ ಗೇನ್ ಅಂಕದಿಂದ ಎಲೆಕ್ಟ್ರಾನಿಗೆ ಪರಿವರ್ತಿಸಿದರೆ ನಿಮ್ಮ ಉತ್ತರ ಸಿಗುತ್ತದೆ. ಆಕಾಶ 13 ಪಟ್ಟು ಕತ್ತಲಾದರೆ ಈ ಗುರಿ ಮುಟ್ಟಲು 13 ಪಟ್ಟು ಸಮಯ ಬೇಕು: ಊರಂಚಿನಲ್ಲಿ 30 ಸೆಕೆಂಡ್ ಸಾಕಾಗುತ್ತಿದ್ದ ಕಡೆ ಇಲ್ಲಿ ಆರೂವರೆ ನಿಮಿಷ. ಗೆಲಾಕ್ಸಿಯ ನಡುಭಾಗ ಅತಿಯಾಗಿ ಹೊಳೆದುಹೋದರೆ ಕೆಲವು ಚಿಕ್ಕ ಎಕ್ಸ್‌ಪೋಷರ್‌ಗಳನ್ನು ಬೇರೆಯಾಗಿ ತೆಗೆದು ಸೇರಿಸಬಹುದು.

ಒಟ್ಟು ಸಮಯಕ್ಕೆ ಮೇಲ್ಮಿತಿಯಿಲ್ಲ. ಸುರುಳಿ ಬಾಹುಗಳು ನೆಮ್ಮದಿಯಾಗಿ ಕಾಣಲು ಕತ್ತಲ ತಾಣದಲ್ಲಿ ಆರರಿಂದ ಹತ್ತು ಗಂಟೆ, ಅದರಾಚೆಯ ತೆಳು ತೆರೆಗಳಿಗೆ ಇಪ್ಪತ್ತಕ್ಕೂ ಮೇಲೆ ಎಂದು ಇಟ್ಟುಕೊಂಡು ಯೋಜನೆ ಹಾಕಿ. ಒಂದು ಪ್ರವಾಸದಲ್ಲಿ ಐದು ಗೆಲಾಕ್ಸಿಗಳ ಬೆನ್ನು ಹತ್ತುವುದಕ್ಕಿಂತ ಒಂದರ ಮೇಲೆ ಎಲ್ಲ ರಾತ್ರಿಗಳನ್ನೂ ಕಳೆಯುವುದು ಮೇಲು.

ಡಾರ್ಕ್, ಫ್ಲಾಟ್, ಬಯಾಸ್ ಎಲ್ಲವೂ ಬೇಕೇ?

ಬೇಕು, ಅದರಲ್ಲೂ ಫ್ಲಾಟ್ ಬೇಕೇ ಬೇಕು. ಸೆನ್ಸರನ್ನು ತಂಪಾಗಿಸಬಲ್ಲ ಕ್ಯಾಮೆರಾದಲ್ಲಿ ಡಾರ್ಕ್ ಚಿತ್ರಗಳನ್ನು (ಮುಚ್ಚಳ ಹಾಕಿ ತೆಗೆಯುವವು) ಮನೆಯಲ್ಲೇ ತೆಗೆದಿಟ್ಟುಕೊಳ್ಳಬಹುದು. ತಾಪಮಾನ ಸುಮಾರು 6 ಡಿಗ್ರಿ ಏರಿದರೆ ಸೆನ್ಸರಿನ ಕತ್ತಲ ಪ್ರವಾಹ ಇಮ್ಮಡಿಯಾಗುವುದರಿಂದ ಅದೇ ತಾಪಮಾನ, ಅದೇ ಅವಧಿ ಇರಬೇಕು.

ಫ್ಲಾಟ್‌ಗಳನ್ನು ಮಾತ್ರ ಅಲ್ಲೇ, ಅಂದೇ ತೆಗೆಯಬೇಕು. ಕ್ಯಾಮೆರಾವನ್ನು ಬಿಚ್ಚಿ ಮತ್ತೆ ಸಿಕ್ಕಿಸಿದರೆ ಧೂಳಿನ ಕಣಗಳ ನೆರಳು ಜಾಗ ಬದಲಿಸುತ್ತದೆ, ಫೋಕಸ್ ಬದಲಾದರೂ ಅಂಚಿನ ಮಬ್ಬು ಬದಲಾಗುತ್ತದೆ. ಬೆಳಗಿನ ಜಾವ ಚಿತ್ರಣ ಮುಗಿದ ತಕ್ಷಣ, ಫೋಕಸರನ್ನು ಮುಟ್ಟದೆ, ಕೊಳವೆಯನ್ನು ನೇರ ಮೇಲಕ್ಕೆ ತಿರುಗಿಸಿ, ಅದರ ಬಾಯಿಗೆ ಸಮನಾಗಿ ಹೊಳೆಯುವ ಫ್ಲಾಟ್ ಪ್ಯಾನೆಲ್ ಇಡಿ. ಮೊದಲ ಚಿತ್ರವನ್ನು ತೆರೆಯಲ್ಲಿ ಹಿಗ್ಗಿಸಿ ನೋಡಿದರೆ ಮೂಲೆಗಳು ಕಂದಿರುವುದೂ, ಅಲ್ಲಲ್ಲಿ ಉಂಗುರದಾಕಾರದ ಬೂದು ಕಲೆಗಳಿರುವುದೂ ಕಾಣುತ್ತದೆ. ನೀವು ರಾತ್ರಿಯಿಡೀ ತೆಗೆದ ಪ್ರತಿ ಚಿತ್ರದೊಳಗೂ ಇವೇ ಇವೆ. ಪ್ಯಾನೆಲನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದಷ್ಟು ತೆಗೆದರೆ ಪ್ಯಾನೆಲ್ಲಿನ ಸ್ವಂತ ಅಸಮತೆಯೂ ಸರಾಸರಿಯಲ್ಲಿ ಅಳಿಯುತ್ತದೆ. ಪ್ರತಿ ಪಿಕ್ಸೆಲ್ಲಿಗೆ 25,000 ಎಲೆಕ್ಟ್ರಾನ್ ಇರುವ ಒಂದು ಫ್ಲಾಟಿನಲ್ಲಿ ಶೇಕಡಾ 0.6ರಷ್ಟು ನಾಯ್ಸ್ ಇರುತ್ತದೆ. 25 ಫ್ಲಾಟ್‌ಗಳ ಸರಾಸರಿಯಲ್ಲಿ ಅದು ಶೇಕಡಾ 0.13ಕ್ಕೆ ಇಳಿಯುತ್ತದೆ. ಮೇಲ್ಮೈ ಕಾಂತಿ 27ರ ತೆರೆಯೊಂದು ಕತ್ತಲ ತಾಣದಲ್ಲೂ ಹಿನ್ನೆಲೆಯ ಶೇಕಡಾ 0.8ರಷ್ಟೇ ಇರುತ್ತದೆ ಎಂಬುದನ್ನು ನೆನೆದರೆ, ಎರಡು ಡಜನ್ ಫ್ಲಾಟ್ ತೆಗೆಯುವುದು ಅತಿಯಾಯಿತು ಎನಿಸದು.

ತಾಣದಲ್ಲಿ ಯಾವ ಎಚ್ಚರಿಕೆ ಬೇಕು?

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಒಂದು ಕ್ಷಣದ ಬಿಳಿ ಬೆಳಕು ಅದನ್ನು ಕೆಡಿಸುತ್ತದೆ. ಮಂದ ಕೆಂಪು ದೀಪ ಮಾತ್ರ ಬಳಸಿ, ಪರದೆಗಳಿಗೆ ಕೆಂಪು ಹಾಳೆ ಹೊದಿಸಿ, ವಾಹನವನ್ನು ದೀಪ ಹಚ್ಚದೆ ಹೊರಡುವಂತೆ ಮೊದಲೇ ನಿಲ್ಲಿಸಿ. ಲೆನ್ಸಿನ ಮೇಲೆ ಇಬ್ಬನಿ ಕೂರದಂತೆ ಹೀಟರ್ ಪಟ್ಟಿ ಕಟ್ಟಿ. ಚಳಿಯಲ್ಲಿ ಬ್ಯಾಟರಿಯ ಸಾಮರ್ಥ್ಯ ಕುಗ್ಗುವುದರಿಂದ ಲೆಕ್ಕಕ್ಕಿಂತ ಹೆಚ್ಚಿನದನ್ನು ಒಯ್ಯಬೇಕು.

ಉಪಗ್ರಹಗಳ ಗೆರೆಗಳು ಚಿತ್ರವನ್ನು ಹಾಳುಮಾಡುವುದಿಲ್ಲವೇ?

ಒಂಟಿ ಚಿತ್ರವನ್ನು ಹಾಳುಮಾಡುತ್ತವೆ. ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಿದ್ದರೆ, ಉಳಿದವುಗಳಿಗಿಂತ ತೀರಾ ಬೇರೆಯಾದ ಪಿಕ್ಸೆಲ್ಲನ್ನು ತಿರಸ್ಕರಿಸುವ ಸಿಗ್ಮಾ ಕ್ಲಿಪಿಂಗ್ ವಿಧಾನ ಅವನ್ನು ಅಳಿಸುತ್ತದೆ.

ಸಂಸ್ಕರಣೆಯಲ್ಲಿ ಮಂದ ಭಾಗಗಳು ಕಳೆದುಹೋಗುತ್ತಿವೆ. ಏಕೆ?

ಹಿನ್ನೆಲೆಯ ಏರುಪೇರನ್ನು ಸಮಗೊಳಿಸುವ ಹಂತದಲ್ಲಿ ತಂತ್ರಾಂಶವು ಗೆಲಾಕ್ಸಿಯ ಹೊರ ಅಂಚನ್ನೇ ಹಿನ್ನೆಲೆ ಎಂದು ಭಾವಿಸಿ ಕಳೆದುಹಾಕಿರುವ ಸಾಧ್ಯತೆ ಹೆಚ್ಚು. ಮಾದರಿ ಬಿಂದುಗಳನ್ನು ಕೈಯಾರೆ, ಗೆಲಾಕ್ಸಿಯಿಂದ ಸಾಕಷ್ಟು ದೂರದಲ್ಲಿ, ಕೆಲವೇ ಕೆಲವು ಇರಿಸಿ, ಅತ್ಯಂತ ಸರಳವಾದ ಮೇಲ್ಮೈಯನ್ನು ಆರಿಸಿಕೊಳ್ಳಿ. ಕಳೆದ ಹಿನ್ನೆಲೆಯನ್ನು ಬೇರೆ ಚಿತ್ರವಾಗಿ ಉಳಿಸಿ, ಹಿಗ್ಗಿಸಿ ನೋಡಿ. ಅದರ ನಡುವೆ ಗೆಲಾಕ್ಸಿಯ ಆಕಾರದ ಕಲೆಯಿದ್ದರೆ ನೀವು ಬೆಳಕನ್ನು ಎಸೆದಿದ್ದೀರಿ ಎಂದೇ ಅರ್ಥ. ಚಿತ್ರವನ್ನು ಕಪ್ಪು ಬಿಳುಪಾಗಿಸಿ ತಿರುವುಮುರುವು ಮಾಡಿ ನೋಡುವುದೂ ಉಪಯುಕ್ತ, ಬಿಳಿಯ ಮೇಲಿನ ತೆಳು ಬೂದು ಛಾಯೆ ಕಣ್ಣಿಗೆ ಬೇಗ ಸಿಗುತ್ತದೆ. ನಾಯ್ಸ್ ತೆಗೆಯುವ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಮಂದ ಭಾಗಗಳ ಮೇಲೆ ಬಳಸುವಾಗ ನಾನು ಬಹಳ ಹಿಂಜರಿಯುತ್ತೇನೆ. ದತ್ತಾಂಶದಲ್ಲಿ ಇಲ್ಲದ ಎಳೆಗಳನ್ನೂ ಅವು ನಂಬುವಂತೆ ಹೆಣೆಯಬಲ್ಲವು.

ಚಿತ್ರದಲ್ಲಿ ಕಂಡ ಮಂದ ತೆರೆ ನಿಜವೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಅನುಭವಿಗಳೂ ಎಡವಬಹುದಾದ ಜಾಗವಿದು. ಡ್ರೇಕೊ ನಕ್ಷತ್ರಪುಂಜದ ಎನ್‌ಜಿಸಿ 5907 ಸುಮಾರು 5 ಕೋಟಿ ಜ್ಯೋತಿರ್ವರ್ಷ ದೂರದ, ನಮಗೆ ಅಂಚಿನಿಂದ ಕಾಣುವ ತೆಳು ಗೆಲಾಕ್ಸಿ. ಅದು ನುಂಗಿದ ಕುಬ್ಜ ಗೆಲಾಕ್ಸಿಯೊಂದರ ನಕ್ಷತ್ರಗಳು ಸುತ್ತಲೂ ಮಂದವಾದ ಹರಿವಾಗಿ ಚೆಲ್ಲಿವೆ. ಹವ್ಯಾಸಿ ಜೇ ಗಬನಿ ಮತ್ತು ಖಗೋಳವಿಜ್ಞಾನಿ ಡೇವಿಡ್ ಮಾರ್ಟಿನೆಜ್-ಡೆಲ್ಗಾಡೊ ಅವರ ತಂಡ 2008ರಲ್ಲಿ ಅರ್ಧ ಮೀಟರ್ ದೂರದರ್ಶಕದ ಚಿತ್ರದಿಂದ ಪ್ರಕಟಿಸಿದ ಫಲಿತಾಂಶದಲ್ಲಿ ಈ ಹರಿವು ಗೆಲಾಕ್ಸಿಯನ್ನು ಎರಡು ಸುತ್ತು ಬಳಸಿದಂತೆ ಕಂಡಿತು. 2019ರಲ್ಲಿ ಡ್ರ್ಯಾಗನ್‌ಫ್ಲೈ ಅದೇ ಗೆಲಾಕ್ಸಿಯನ್ನು ಚಿತ್ರಿಸಿದಾಗ ಎರಡನೆಯ ಸುತ್ತು ಕಾಣಲಿಲ್ಲ, ಒಂದೇ ಉದ್ದನೆಯ ಬಾಗಿದ ಹರಿವು ಕಂಡಿತು. ಆಕಾಶದ ಹಿನ್ನೆಲೆಯ ನೂರನೇ ಒಂದು ಭಾಗದ ಆಸುಪಾಸಿನ ಬೆಳಕಿನೊಂದಿಗೆ ಕೆಲಸ ಮಾಡುವಾಗ ಪ್ರಶ್ನೆ ಎಷ್ಟು ಸೂಕ್ಷ್ಮವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಿಮ್ಮ ಚಿತ್ರಗಳನ್ನು ಎರಡು ಪಾಲು ಮಾಡಿ, ಬೇರೆ ಬೇರೆ ರಾತ್ರಿಗಳದ್ದನ್ನು ಪ್ರತ್ಯೇಕವಾಗಿ ಒಟ್ಟುಗೂಡಿಸಿ. ತೆರೆ ಎರಡರಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇರಬೇಕು. ಸಾಧ್ಯವಿದ್ದರೆ ಒಂದು ರಾತ್ರಿ ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ, ಹೊಸ ಫ್ಲಾಟ್‌ಗಳೊಂದಿಗೆ ಚಿತ್ರಿಸಿ. ಉಪಕರಣದೊಳಗಿನ ಪ್ರತಿಫಲನವಾಗಿದ್ದರೆ ಅದು ಆಕಾಶದ ಮೇಲೆ ಜಾಗ ಬದಲಿಸುತ್ತದೆ. ಸಾರ್ವಜನಿಕವಾಗಿ ದೊರೆಯುವ ಸಮೀಕ್ಷೆಗಳ ಚಿತ್ರಗಳೊಂದಿಗೂ ಹೋಲಿಸಿ. ಎಂ 81ರ ಸುತ್ತ ಕಾಣುವ ಮಬ್ಬು ಎಳೆಗಳಂಥವು ನಿಜವಾಗಿಯೂ ಅಲ್ಲಿವೆ, ಆದರೆ ಗೆಲಾಕ್ಸಿಗೆ ಸೇರಿದವಲ್ಲ. ಅವು ಕ್ಷೀರಪಥದ ಬೆಳಕಿನಲ್ಲಿ ಮಿನುಗುವ ನಮ್ಮದೇ ಧೂಳಿನ ಮೋಡಗಳು.

ಹವ್ಯಾಸಿ ಉಪಕರಣದಿಂದ ಎಷ್ಟು ದೂರದವರೆಗೆ ತಲುಪಬಹುದು?

ಹರಡಿದ ಗೆಲಾಕ್ಸಿಯಾಗಿ, ಆಕಾರ ತಿಳಿಯುವಂತೆ, ಹರ್ಕ್ಯುಲಿಸ್ ಗುಚ್ಛದ ಸುಮಾರು 50 ಕೋಟಿ ಜ್ಯೋತಿರ್ವರ್ಷದವರೆಗೆ ಧಾರಾಳವಾಗಿ. ಬಿಂದುವಾಗಿ ಇನ್ನೂ ಬಹಳ ದೂರ. ಕನ್ಯಾ ನಕ್ಷತ್ರಪುಂಜದ 3ಸಿ 273 ಎಂಬ ಕ್ವೇಸಾರ್ ಒಂದು ಗೆಲಾಕ್ಸಿಯ ಉರಿಯುವ ಕೇಂದ್ರ. 200 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ ಇದ್ದರೂ ಕಾಂತಿಮಾನ ಸುಮಾರು 12.9 ಇರುವುದರಿಂದ ಸಾಧಾರಣ ಲೆನ್ಸಿಗೂ ಸಿಗುತ್ತದೆ. ಲಿಂಕ್ಸ್ ನಕ್ಷತ್ರಪುಂಜದ ಎಪಿಎಂ 08279+5255 ಎಂಬುದರ ಬೆಳಕು ಸುಮಾರು 1,200 ಕೋಟಿ ವರ್ಷ ಪಯಣಿಸಿ ಬಂದದ್ದು. ನಡುವಿನ ಗೆಲಾಕ್ಸಿಯೊಂದರ ಗುರುತ್ವ ಅದನ್ನು ಹಿಗ್ಗಿಸಿ ಬೆಳಗಿಸಿರುವುದರಿಂದ ಕಾಂತಿಮಾನ 15ರ ಆಸುಪಾಸಿನಲ್ಲಿದೆ. ಚಿತ್ರದಲ್ಲಿ ಅದು ಒಂದು ಚುಕ್ಕಿ ಮಾತ್ರ, ಆದರೆ ಆ ಬೆಳಕು ಹೊರಟಾಗ ಭೂಮಿಯೇ ಹುಟ್ಟಿರಲಿಲ್ಲ.

ಇಂಥ ಚಿತ್ರಗಳಿಂದ ವಿಜ್ಞಾನಕ್ಕೆ ಪ್ರಯೋಜನವಿದೆಯೇ?

ಖಂಡಿತ ಇದೆ. ಆಂಡ್ರೊಮಿಡಾ ಗೆಲಾಕ್ಸಿಯ ಪಕ್ಕದಲ್ಲಿ ಒಂದೂವರೆ ಡಿಗ್ರಿ ಉದ್ದದ ಆಮ್ಲಜನಕದ ಕಮಾನೊಂದನ್ನು ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್, ಯಾನ್ ಸೇಂಟಿ ಎಂಬ ಹವ್ಯಾಸಿಗಳು ವೃತ್ತಿಪರ ವಿಜ್ಞಾನಿಗಳ ಜೊತೆಗೂಡಿ 2023ರ ಜನವರಿಯಲ್ಲಿ ಪ್ರಕಟಿಸಿದರು. ಆಕಾಶದ ಅತಿ ಹೆಚ್ಚು ಚಿತ್ರಿತವಾದ ಗೆಲಾಕ್ಸಿಯ ಪಕ್ಕದಲ್ಲೇ ಇದ್ದ ಅದನ್ನು ಹೊರತೆಗೆಯಲು ನೂರಕ್ಕೂ ಹೆಚ್ಚು ಗಂಟೆಗಳ ಎಕ್ಸ್‌ಪೋಷರ್ ಬೇಕಾಯಿತು.

ಅದೇ ವರ್ಷ ಮೇ 19ರಂದು ಜಪಾನಿನ ಕೊಯಿಚಿ ಇಟಗಾಕಿ ಅವರು ಎಂ 101ರಲ್ಲಿ ಎಸ್‌ಎನ್ 2023ಐಎಕ್ಸ್‌ಎಫ್ ಸೂಪರ್‌ನೋವಾವನ್ನು ಪತ್ತೆಹಚ್ಚಿದಾಗ, ಅದಕ್ಕೆ ಮುಂಚಿನ ಗಂಟೆಗಳಲ್ಲಿ ಬೇರೆ ಹವ್ಯಾಸಿಗಳು ತಮ್ಮ ಪಾಡಿಗೆ ತೆಗೆದಿದ್ದ ಎಂ 101ರ ಚಿತ್ರಗಳು ಸ್ಫೋಟದ ಬೆಳಕು ಯಾವ ಹೊತ್ತಿಗೆ ಮೊದಲು ಹೊರಹೊಮ್ಮಿತು ಎಂಬುದನ್ನು ನಿಗದಿಪಡಿಸಲು ನೆರವಾದವು. ಆ ಚಿತ್ರಗಳು ಉಪಯೋಗಕ್ಕೆ ಬಂದದ್ದು ಒಂದೊಂದು ಎಕ್ಸ್‌ಪೋಷರಿನ ಮೂಲ ಕಡತವೂ ಸಮಯವೂ ಉಳಿದಿದ್ದರಿಂದ. ಆದ್ದರಿಂದ ಚಿತ್ರಣ ಆರಂಭಿಸುವ ಮೊದಲು ಕಂಪ್ಯೂಟರಿನ ಗಡಿಯಾರವನ್ನು ಸರಿಹೊಂದಿಸಿ, ಸಮಯವನ್ನು ಸಾರ್ವತ್ರಿಕ ಕಾಲಮಾನದಲ್ಲಿ ದಾಖಲಿಸಿ, ಒಟ್ಟುಗೂಡಿಸಿದ ಚಿತ್ರ ಸಿದ್ಧವಾದ ಮೇಲೂ ಬಿಡಿ ಕಡತಗಳನ್ನು ಅವುಗಳ ಫ್ಲಾಟ್ ಮತ್ತು ಡಾರ್ಕ್‌ಗಳ ಸಮೇತ ಇಟ್ಟುಕೊಳ್ಳಿ.